ಒಲೆಯಿಂದ ಬೀದಿಗೆ ಬಂದ ಕರ್ಫ್ಯೂ

ಕರ್ಫ್ಯೂ ಎಂದೊಡನೆ ನಿಮಗೇನು ನೆನಪಾಗುತ್ತದೆ? ನನಗಂತೂ ಹಾಲಿಲ್ಲದ ಬೆಳಗು. ಬಹಳ ವರ್ಷಗಳ ಹಿಂದೆ ನಮ್ಮೂರಲ್ಲಿ ಗಲಭೆಯಾದಾಗ, ಪಕ್ಕದೂರಿಗೆ ಹೋಗಿದ್ದ ನಮ್ಮನೆಯವರು ಎರಡು ದಿನ ಹಿಂದಿರುಗಲಾಗಲಿಲ್ಲ. ಕೂಸಿಗೆ ಗಂಜಿ ಕುಡಿಸಿ, ಚಿಲಕ ಹಾಕಿಕೊಂಡು, ಬೀದಿಯ ಬೂಟಿನ ಸದ್ದು ಕೇಳುತ್ತಾ ಕೂತಿದ್ದೆ.

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತಲ್ಲ, ಅಂದು ಅದೇ ಕೂಸು, ಈಗ ಬೆಳೆದ ಹುಡುಗಿ, "ಅಮ್ಮಾ, ಕರ್ಫ್ಯೂ ಅಂದ್ರೆ ಮೂಲದಲ್ಲಿ ಏನರ್ಥ?" ಅಂದಳು. ನನಗೆಲ್ಲಿ ಗೊತ್ತು! ನಿಘಂಟು ತೆಗೆದು ನೋಡಿದರೆ, ಅದು ಅಡಿಗೆಮನೆಯ ಮಾತು ಕಣ್ರೀ.

ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂದದ್ದು. ಅಲ್ಲಿ 'ಕೂವ್ರ್' ಎಂದರೆ ಮುಚ್ಚು, 'ಫೂ' ಎಂದರೆ ಬೆಂಕಿ. ಬೆಂಕಿ ಮುಚ್ಚು, ಅಷ್ಟೇ! 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಮ್ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ಕಚೇರಿಗಳಲ್ಲೆಲ್ಲಾ ಫ್ರೆಂಚೇ ನಡೆಯಿತು. ರಾತ್ರಿ ಎಂಟಕ್ಕೆ ಗಂಟೆ ಹೊಡೆಸುವ ಪದ್ಧತಿಯನ್ನು ಅವನೇ ತಂದನೆಂದು ಅಲ್ಲಿನವರ ಬಹುಕಾಲದ ನಂಬಿಕೆ. ಗಂಟೆ ಕೇಳಿದೊಡನೆ ಎಲ್ಲರೂ ಒಲೆಯ ಕೆಂಡ ಮುಚ್ಚಬೇಕು. ಮರದ ಗೋಡೆ, ಹುಲ್ಲಿನ ಸೂರು. ಒಂದು ಕಿಡಿ ಹಾರಿದರೆ ಕೇರಿಯೇ ಬೂದಿ. 1666ರಲ್ಲಿ ಲಂಡನ್ನಿನ ಒಬ್ಬ ಬ್ರೆಡ್ಡಿನವನ ಮನೆಯಲ್ಲಿ ಹೊತ್ತಿದ ಬೆಂಕಿ ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು ನುಂಗಿತು.

ಆರಿಸಿಬಿಡಬಹುದಿತ್ತಲ್ಲ ಅನ್ನುತ್ತೀರಾ? ಗೀರಿ ಹಚ್ಚುವ ಬೆಂಕಿಕಡ್ಡಿ ಅಲ್ಲಿ ಮಾರಾಟಕ್ಕೆ ಬಂದದ್ದೇ 1827ರಲ್ಲಿ. ಬೆಳಿಗ್ಗೆ ಒಲೆ ಹತ್ತಿಸಲು ಕೆಂಡ ಉಳಿದಿರಬೇಕು. ಅದಕ್ಕೆಂದೇ ಹಿಡಿಯುಳ್ಳ ಮಣ್ಣಿನದೋ ಲೋಹದ್ದೋ ಮುಚ್ಚಳವಿತ್ತು. ಅದರ ಹೆಸರೂ ಕರ್ಫ್ಯೂ!

ನಮ್ಮತ್ತೆಯವರೂ ಸೌದೆ ಒಲೆಯ ಕಾಲದಲ್ಲಿ ಹೀಗೇ ಮಾಡುತ್ತಿದ್ದರಂತೆ. ಊಟವಾದ ಮೇಲೆ ಕೆಂಡವನ್ನೆಲ್ಲಾ ಮೂಲೆಗೆ ಒಟ್ಟಿ ಮೇಲೆ ಬೂದಿ ಹರಡುವುದು. ಬೆಳಗಾಗೆದ್ದು ಬೂದಿ ಕೆದಕಿ ಊದುಗೊಳವೆಯಲ್ಲಿ ಊದುವುದು. ಆರಿಹೋಗಿದ್ದರೆ ಪಕ್ಕದ ಮನೆಗೆ ಬೆರಣಿ ಹಿಡಿದು ಓಡಬೇಕು.

ಕಾಲಕ್ರಮದಲ್ಲಿ ಕೆಂಡ ಮುಚ್ಚುವುದು ಹೋಯಿತು, ಗಂಟೆ ಉಳಿಯಿತು. ಮುಂದೆ ಗಂಟೆಯ ಹೆಸರೇ ಜನ ಮನೆ ಬಿಟ್ಟು ಹೊರಗೆ ಬರಬಾರದೆಂಬ ಅಪ್ಪಣೆಗೆ ಅಂಟಿಕೊಂಡಿತು. ಫ್ರಾನ್ಸಿನವರು ಮಾತ್ರ ಇಂದಿಗೂ ಅದನ್ನು 'ಕೂವ್ರ್-ಫೂ' ಅಂತಲೇ ಕರೆಯುತ್ತಾರೆ. 2020ರ ಅಕ್ಟೋಬರಿನಲ್ಲಿ ಕೊರೊನಾಕ್ಕಾಗಿ ಪ್ಯಾರಿಸ್ಸಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಹಾಕಿದ್ದೂ ಅದನ್ನೇ.

ನಮ್ಮ ಪತ್ರಿಕೆಗಳೂ ಗಲಭೆಯಾದ ಊರನ್ನು 'ಬೂದಿ ಮುಚ್ಚಿದ ಕೆಂಡ' ಅನ್ನುತ್ತವಲ್ಲ, ನೆನೆದು ನನಗೆ ಮೈ ಜುಮ್ಮೆಂದಿತು. ಇದನ್ನೆಲ್ಲಾ ಅತ್ತೆಯವರಿಗೆ ಓದಿ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತದೆ, "ಹಾಗಾದ್ರೆ ನಾನು ದಿನಾ ರಾತ್ರಿ ಕರ್ಫ್ಯೂ ಹಾಕ್ತಿದ್ದೆ ಅನ್ನೇ!" ಅಂದರು.