ಡಬ್ಬಿ ತೋಯ್ದರೆ ಇನ್ನೊಂದು ಸಿಗುತ್ತದೆ, ಆಯಿಯ ದನಿ ಸಿಗೂದಿಲ್ಲ

ವಾಟರ್‌ಪ್ರೂಫ್ ಕವರಿಗೆ ಬ್ಯಾರಲ್ ನೀರಿನಲ್ಲಿ ಪರೀಕ್ಷೆ

ಅಕ್ಕಲಕೋಟ: ಆಷಾಢ ಹತ್ತಿರ ಬಂತೆಂದರೆ ಗಡಿಭಾಗದ ನಮ್ಮ ಮನೆಗಳಲ್ಲಿ ಎರಡು ತಯಾರಿ ನಡೆಯುತ್ತವೆ. ಒಂದು ಬಿತ್ತನೆಯದು, ಇನ್ನೊಂದು ಪಂಢರಪುರದ ವಾರಿಯದು. ವಾರಿಗೆ ಹೊರಡುವವರ ಗಂಟಿನಲ್ಲಿ ತಾಳ, ಒಂದು ಜೊತೆ ಬಟ್ಟೆ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮೊದಲಿನಿಂದಲೂ ಇರುವಂಥವು. ಈಚಿನ ವರ್ಷಗಳಲ್ಲಿ ಅಂಗೈಯಗಲದ ಒಂದು ಹಾಡಿನ ಡಬ್ಬಿಯೂ ಸೇರಿಕೊಂಡಿದೆ. ಮೆಮೊರಿ ಕಾರ್ಡ್ ಹಾಕಿ ಗುಂಡಿ ಒತ್ತಿದರೆ ಆಯಿತು, ಅಭಂಗ, ಭಜನೆ, ವಚನ ಹಾಡುತ್ತಲೇ ಇರುತ್ತದೆ. ಕೈಯಲ್ಲಿ ಮೊಬೈಲ್ ಇದ್ದರೂ ವಯಸ್ಸಾದವರು ಈ ಡಬ್ಬಿ ಬಿಟ್ಟಿಲ್ಲ. ‘ಇದಕ್ಕ ಫೋನ್ ಬರೂದಿಲ್ಲ, ನೆಟ್‌ವರ್ಕ್ ಬೇಕಾಗಿಲ್ಲ, ಹಾಡು ನಡುವ ನಿಲ್ಲೂದಿಲ್ಲ’ ಎಂಬುದು ನಮ್ಮ ಅವ್ವನ ವಾದ.

ಆದರೆ ಆಷಾಢ ಅಂದರೆ ಮಳೆ. ದಾರಿಯಲ್ಲಿ ತಲೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ನಡೆಯುವವರು ಡಬ್ಬಿಯನ್ನು ಎಲ್ಲಿ ಇಡಬೇಕು? ಇದಕ್ಕೆಂದೇ ಸೊಲ್ಲಾಪುರದ ನವಿ ಪೇಠದಲ್ಲಿ, ಬಸ್ ಸ್ಟ್ಯಾಂಡಿನ ಎದುರಿನ ಗಾಡಿಗಳಲ್ಲಿ ವಾಟರ್‌ಪ್ರೂಫ್ ಕವರು ನೇತುಹಾಕಿ ಮಾರುತ್ತಾರೆ. ‘ಬಾವ್ಯಾಗ ಒಗದ್ರೂ ಏನೂ ಆಗೂದಿಲ್ರಿ’ ಅಂತ ಮಾರುವವರು ಹೇಳುತ್ತಾರೆ. ನಂಬಬೇಕೋ ಬಿಡಬೇಕೋ? ನಂಬುವ ಮೊದಲು ನೋಡೇಬಿಡೋಣ ಎಂದು ಮೂರು ಥರದ ಕವರು ತಂದು, ಮನೆಯ ಬ್ಯಾರಲ್ ನೀರಿನಲ್ಲಿ ಪರೀಕ್ಷೆ ಮಾಡಿದೆ. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಉಸಾಬರಿ ಯಾಕೆ ಎಂದು ಕೇಳುವವರಿಗೆ ಮೊದಲು ಒಂದು ಕಥೆ ಹೇಳಬೇಕು.

ಬೋರಿ ನದಿ ಒಯ್ದದ್ದು

2020ರ ಅಕ್ಟೋಬರ್ 14ರ ಮಳೆ ನಮ್ಮ ತಾಲೂಕಿನವರು ಮರೆಯುವಂಥದ್ದಲ್ಲ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆಂಧ್ರ, ತೆಲಂಗಾಣ ದಾಟಿ ಸೊಲ್ಲಾಪುರ ಜಿಲ್ಲೆಯ ಮೇಲೆ ಬಂತು. ನಳದುರ್ಗದ ಕಡೆಯಿಂದ ಬರುವ ಬೋರಿ ನದಿ ತುಂಬಿ ಹರಿದು, ಅಕ್ಕಲಕೋಟ ತಾಲೂಕಿನ ಸಾಂಗವಿ ಖುರ್ದ, ಬೋರಿ ಉಮರಗಾಂವ ಮುಂತಾದ ಹಳ್ಳಿಗಳಲ್ಲಿ ನೀರು ನುಗ್ಗಿತು. ಅದೇ ತಿಂಗಳ 19ರಂದು ಆಗಿನ ಮುಖ್ಯಮಂತ್ರಿ ಉದ್ಧವ ಠಾಕ್ರೆ ಹಾನಿ ನೋಡಲು ಬಂದಿದ್ದರು. ಹೊಲ, ದನ, ಕಾಳು ಕಡಿ ಹೋದದ್ದರ ಪಂಚನಾಮೆ ಆಯಿತು. ಪಂಚನಾಮೆಯಲ್ಲಿ ಬರೆಯಲಾಗದ ನಷ್ಟವೂ ಕೆಲವು ಮನೆಗಳಲ್ಲಿ ಆಗಿತ್ತು. ಅಂಥದ್ದೊಂದು ನಮ್ಮ ದೊಡ್ಡವ್ವನ ಮನೆಯಲ್ಲಿ.

ನಮ್ಮ ಆಯಿ, ಅಂದರೆ ಅವ್ವನ ತಾಯಿ, ಬೀಸುವ ಪದ, ಸೋಬಾನೆ ಪದ ಚೆಂದಾಗಿ ಹಾಡುತ್ತಿದ್ದಳು. ಆಕೆಗೆ ಓದು ಬರಹ ಇರಲಿಲ್ಲ, ಎಲ್ಲವೂ ಬಾಯಿಪಾಠ. ಮಾಮಾ ಒಮ್ಮೆ ಟೇಪ್ ರೆಕಾರ್ಡರ್ ಇಟ್ಟು ನಾಲ್ವತ್ತರಷ್ಟು ಹಾಡು ಎರಡು ಕ್ಯಾಸೆಟ್ಟಿನಲ್ಲಿ ತುಂಬಿಸಿದ್ದ. ಆಯಿ ಹೋದ ಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯತೊಡಗಿತು. ಪೂರ್ತಿ ಹಾಳಾಗುವ ಮೊದಲು ಅಂಗಡಿಯಲ್ಲಿ ಕೊಟ್ಟು ಮೆಮೊರಿ ಕಾರ್ಡಿಗೆ ಹಾಕಿಸಿ, ಡಬ್ಬಿ ದೊಡ್ಡವ್ವನಿಗೆ ಕೊಟ್ಟೆವು. ಕ್ಯಾಸೆಟ್ಟು ಎಸೆದೆವು. ಅಲ್ಲಿಗೆ ಉಳಿದದ್ದು ಒಂದೇ ಪ್ರತಿ.

ನೀರು ಬಂದ ರಾತ್ರಿ ಎಲ್ಲರೂ ಜೀವ ಉಳಿಸಿಕೊಂಡು ಎತ್ತರದ ಜಾಗಕ್ಕೆ ಹೋದರು. ಡಬ್ಬಿ ಗೂಡಿನಲ್ಲೇ ಇತ್ತು, ಪ್ಲಾಸ್ಟಿಕ್ ಚೀಲದಲ್ಲಿ ರಬ್ಬರ್ ಹಾಕಿ ಇಟ್ಟಿದ್ದರು. ಎರಡು ದಿನದ ನಂತರ ಕೆಸರಿನಲ್ಲಿ ಸಿಕ್ಕಿತು. ಅಣ್ಣ ಅದನ್ನು ಒರೆಸಿ ತಕ್ಷಣ ಚಾರ್ಜಿಗೆ ಹಚ್ಚಿದ. ಒಳಗಿನಿಂದ ಸುಟ್ಟ ವಾಸನೆ ಬಂತು, ಡಬ್ಬಿ ಸತ್ತಿತು. ಮನೆ ಸ್ವಚ್ಛ ಮಾಡುವಾಗ ಕಾರ್ಡ್ ಸಮೇತ ತಿಪ್ಪೆಗೆ ಹೋಯಿತು. ಆ ಕಾರ್ಡಿನಲ್ಲಿ ಹಾಡು ಬದುಕಿದ್ದಿರಬಹುದು ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆ ಮಾತು ಮುಂದೆ ಬರುತ್ತದೆ.

ಕವರಿನ ಮೇಲಿನ ಅಂಕಿ

ತಿರುಗಾಡುತ್ತ ಹಾಡು ಕೇಳುವ ಯಂತ್ರ ಬಂದಂದಿನಿಂದಲೂ ನೀರಿನ ಭಯ ಇದ್ದೇ ಇದೆ. ಜಪಾನಿನ ಸೋನಿ ಕಂಪನಿ 1979ರಲ್ಲಿ ವಾಕ್‌ಮನ್ ತಂದಿತು. ನಾಲ್ಕೇ ವರ್ಷದಲ್ಲಿ ಹನಿ ನೀರಿಗೆ ಹೆದರದ ಹಳದಿ ಬಣ್ಣದ ವಾಕ್‌ಮನ್ ಕೂಡ ಬಂತು. 2001ರಲ್ಲಿ ಆ್ಯಪಲ್ ಕಂಪನಿಯ ಐಪಾಡ್ ಬಂದ ಮೇಲೆ, ಈಜುತ್ತ ಹಾಡು ಕೇಳುವವರಿಗಾಗಿ ಅದಕ್ಕೆ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದವು. ಐಪಾಡ್ ಮಾಡುವುದನ್ನು 2022ರಲ್ಲಿ ನಿಲ್ಲಿಸಿದರು. ಆದರೆ ಪೆಟ್ಟಿಗೆಯ ಕಾಲದ ಒಂದು ಬುದ್ಧಿಮಾತು ಇಂದಿಗೂ ಉಪಯೋಗಕ್ಕೆ ಬರುತ್ತದೆ: ಯಂತ್ರ ಇಡುವ ಮೊದಲು ಖಾಲಿ ಪೆಟ್ಟಿಗೆ ಮುಳುಗಿಸಿ ನೋಡು.

ಈಗಿನ ಕವರುಗಳ ಮೇಲೆ ‘ಐಪಿಎಕ್ಸ್7’, ‘ಐಪಿಎಕ್ಸ್8’ ಎಂದು ಬರೆದಿರುತ್ತದೆ. ಇದು ಅಂತರರಾಷ್ಟ್ರೀಯ ಮಾನದಂಡದ ಗುರುತು. ಕೊನೆಯ ಅಂಕಿ ನೀರಿನದು. 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ತಾಸು ಮುಳುಗಿದರೂ ಹಾನಿಯಾಗುವಷ್ಟು ನೀರು ಒಳಗೆ ಹೋಗುವುದಿಲ್ಲ. 8 ಎಂದರೆ ಅದಕ್ಕಿಂತ ಕಠಿಣ, ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ಕಂಪನಿಯೇ ಹೇಳಬೇಕು. ಹೇಳಿರದಿದ್ದರೆ ಆ 8ಕ್ಕೆ ಅರ್ಥವಿಲ್ಲ. ಇನ್ನೊಂದು ಮಾತು. ಈ ಪರೀಕ್ಷೆ ನಡೆಯುವುದು ಹೊಸ ಮಾಲಿನ ಮೇಲೆ, ಶುದ್ಧ ನೀರಿನಲ್ಲಿ. ಸಾಬೂನಿನ ನೀರು ಸಣ್ಣ ಸಂದಿಯಲ್ಲೂ ಸುಲಭವಾಗಿ ನುಸುಳುತ್ತದೆ. ಬಿಸಿಲಿಗೆ ರಬ್ಬರ್ ಒಣಗಿ ಬಿರಿದರೆ ಅಂಕಿ ಎಷ್ಟಿದ್ದರೂ ಅಷ್ಟೇ.

ಪಂಕ್ಚರ್ ಅಂಗಡಿಯ ಪಾಠ

ಇನ್ನು ನಮ್ಮ ಪರೀಕ್ಷೆ. ಬಿ.ಕಾಂ ಓದಿದವರಿಗೆ ಪ್ರಯೋಗಶಾಲೆ ಎಲ್ಲಿಂದ ಬರಬೇಕು? ಸೈಕಲ್ ಪಂಕ್ಚರ್ ಅಂಗಡಿಯೇ ಗುರು. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಹಿಸುಕಿ, ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುತ್ತಾರಲ್ಲ, ಅದೇ ಉಪಾಯ. ದಿನಾ ನಳ ಬಾರದ ಊರಿನಲ್ಲಿ ಬ್ಯಾರಲ್ಲಿಗಂತೂ ಬರವಿಲ್ಲ. ತುಂಬಿದ ಬ್ಯಾರಲ್ ಎಂದರೆ ಹತ್ತಿರ ಹತ್ತಿರ ಮೂರು ಫೂಟು ನೀರು. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಂ ಭಾರ ಹಾಕುತ್ತದೆ. ಬ್ಯಾರಲ್ ತಳದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಮನೆಯ ಪರೀಕ್ಷೆಗೆ ಅಷ್ಟು ಸಾಕು.

ಪ್ರತಿ ಕವರಿನೊಳಗೆ ಡಬ್ಬಿಯ ಬದಲು ಮಡಚಿದ ಟಿಶ್ಯೂ ಕಾಗದ ಇಟ್ಟೆ. ಕಾಗದದ ನಾಲ್ಕೂ ಮೂಲೆಗೆ ಮಕ್ಕಳ ಸ್ಕೆಚ್ ಪೆನ್ನಿನಿಂದ ಚುಕ್ಕೆ. ಒಂದು ಹನಿ ತಗುಲಿದರೂ ಚುಕ್ಕೆ ಹರಡುತ್ತದೆ, ಸುಳ್ಳು ಹೇಳೂದಿಲ್ಲ. ಕವರು ತೇಲದಂತೆ ಒಳಗೆ ತಕ್ಕಡಿಯ ಸಣ್ಣ ಕಲ್ಲು. ಮೊದಲು ನಳದ ಕೆಳಗೆ ಹತ್ತು ನಿಮಿಷ, ಆಮೇಲೆ ಬಕೆಟ್ಟಿನಲ್ಲಿ ಹಿಸುಕಿ ಗುಳ್ಳೆ ನೋಡುವುದು, ಕೊನೆಗೆ ಬ್ಯಾರಲ್ ತಳದಲ್ಲಿ ಅರ್ಧ ತಾಸು. ತೆಗೆದ ಮೇಲೆ ಹೊರಗಡೆ, ಅದರಲ್ಲೂ ಬಾಯಿಯ ಹತ್ತಿರ, ಚೆನ್ನಾಗಿ ಒರೆಸಿಯೇ ತೆರೆಯಬೇಕು. ಇಲ್ಲದಿದ್ದರೆ ಹೊರಗಿನ ಹನಿ ಒಳಗೆ ಬಿದ್ದು ಕವರಿನ ಮೇಲೆ ಸುಮ್ಮನೆ ಅಪವಾದ ಬರುತ್ತದೆ.

ಮೂರು ಕವರಿನ ಜೊತೆ ದೊಡ್ಡವ್ವನ ಮನೆಯ ಹಾಗೆ ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಹಾಕಿ ಅದನ್ನೂ ಪರೀಕ್ಷೆಗೆ ಇಟ್ಟೆ. ಅದು ನಳದ ಕೆಳಗೇ ಸೋತಿತು. ರಬ್ಬರಿನ ಕೆಳಗಿನ ಸುಕ್ಕುಗಳ ಗುಂಟ ನೀರು ಇಳಿದು ನಾಲ್ಕೂ ಚುಕ್ಕೆ ಹರಡಿದವು.

ಎರಡನೆಯದು ಒತ್ತಿ ಮುಚ್ಚುವ ಪಟ್ಟಿಯ ಕವರು. ಎಲ್ಲಕ್ಕಿಂತ ಅಗ್ಗ, ಮಾರುಕಟ್ಟೆಯಲ್ಲಿ ಇದೇ ಹೆಚ್ಚು. ನಳದ ಕೆಳಗೆ ಪಾಸು. ಬಕೆಟ್ಟಿನಲ್ಲಿ ಹಿಸುಕಿದಾಗ ಪಟ್ಟಿಯ ಒಂದು ಕೊನೆಯಲ್ಲಿ ಸಾಲಾಗಿ ಗುಳ್ಳೆ ಬಂದವು. ಬ್ಯಾರಲ್ಲಿನಿಂದ ತೆಗೆದಾಗ ಅದೇ ಮೂಲೆಯ ಚುಕ್ಕೆ ಹರಡಿತ್ತು. ಗುಳ್ಳೆ ಹೊರಬರುವ ದಾರಿಯೇ ನೀರು ಒಳಹೋಗುವ ದಾರಿ.

ಮೂರನೆಯದು ಬಾಯಿಗೆ ಗಟ್ಟಿ ಪ್ಲಾಸ್ಟಿಕ್ ಕ್ಲಿಪ್ ಇರುವಂಥದ್ದು. ಮೂರೂ ಪರೀಕ್ಷೆಯಲ್ಲಿ ಒಣಗಿಯೇ ಬಂತು. ಖುಷಿಯಾಗಿ ಇನ್ನೊಂದು ಸಲ ಬೇಕೆಂದೇ ಬಾಯಿಯಲ್ಲಿ ಒಂದು ದಾರದ ಎಳೆ ಸಿಕ್ಕಿಸಿ ಮುಳುಗಿಸಿದೆ. ಕಾಗದ ತೋಯ್ದು ತಪ್ಪಡಿ! ವಾರಿಯ ದಾರಿಯಲ್ಲಿ ದಾರದ ಎಳೆ, ಉಸುಕಿನ ಕಣ, ರೊಟ್ಟಿಯ ಚೂರು ಬಾಯಿಗೆ ಸಿಗುವುದು ಎಷ್ಟೊತ್ತಿನ ಮಾತು? ಪ್ರತಿ ಸಲ ಮುಚ್ಚುವಾಗ ಬೆರಳಿನಿಂದ ಒರೆಸಿ ಮುಚ್ಚುವವರಿಗೆ ಮಾತ್ರ ಈ ಕವರು.

ನಾಲ್ಕನೆಯದು ರಬ್ಬರ್ ಪಟ್ಟಿಯ ಗಟ್ಟಿ ಪೆಟ್ಟಿಗೆ. ತುಟ್ಟಿ, ತೂಕವೂ ಹೆಚ್ಚು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಆದರೆ ಹಾಡೂ ಹೊರಗೆ ಬರಲಿಲ್ಲ! ತೆಳು ಪ್ಲಾಸ್ಟಿಕ್ ಅಲುಗಿ ಸದ್ದನ್ನು ಹೊರಗೆ ಬಿಡುತ್ತದೆ, ಗಟ್ಟಿ ಪೆಟ್ಟಿಗೆ ನುಂಗಿಬಿಡುತ್ತದೆ. ಕೇಳುತ್ತ ನಡೆಯುವವರಿಗೆ ಇದು ಆಗುವುದಿಲ್ಲ. ಹೊಳೆ ದಂಡೆಯ ಮನೆಯಲ್ಲಿ ಕಾರ್ಡ್, ಕಾಗದಪತ್ರ ಇಡಲು ಒಳ್ಳೆಯದು.

ಬಿಸಿಲೂ ವೈರಿ

ಪರೀಕ್ಷೆಯಲ್ಲಿ ಇನ್ನೊಂದು ಕಂಡಿತು. ನೀರು ಹೋಗದ ಕ್ಲಿಪ್ ಕವರನ್ನು ಡಬ್ಬಿ ಸಮೇತ ಬಿಸಿಲಿಗೆ ಇಟ್ಟು, ಆಮೇಲೆ ತಣ್ಣೀರು ಸುರಿದೆ. ಒಳಗೆ ಮಂಜು ಕಟ್ಟಿತು. ಇದು ಸೋರಿದ್ದಲ್ಲ, ಒಳಗೆ ಸಿಕ್ಕಿಕೊಂಡ ಗಾಳಿಯ ತೇವವೇ ತಣ್ಣಗಾಗಿ ಹನಿಯಾದದ್ದು. ಔಷಧ, ಬೂಟಿನ ಡಬ್ಬದಲ್ಲಿ ತೇವ ಹೀರುವ ಹರಳಿನ ಸಣ್ಣ ಪುಡಿಕೆ ಬರುತ್ತದಲ್ಲ, ಅದೊಂದನ್ನು ಕವರಿನೊಳಗೆ ಇಡಿ. ಮುಚ್ಚಿದ ಕವರನ್ನು ಬಿಸಿಲಲ್ಲಿ ಬಿಡಬೇಡಿ. ಕಾವು ಬ್ಯಾಟರಿಗೂ ಒಳ್ಳೆಯದಲ್ಲ. ಬ್ಲೂಟೂತ್ ಇಯರ್‌ಫೋನ್ ಇರುವವರಿಗೆ ಒಂದು ಸೂಚನೆ: ಮಳೆಯಲ್ಲಿ ನಡೆದೀತು, ಡಬ್ಬಿ ನೀರೊಳಗೆ ಮುಳುಗಿದರೆ ನಡೆಯದು. ಆ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ.

ತೋಯ್ದರೆ ಏನು ಮಾಡಬೇಕು?

ಇಷ್ಟಾದರೂ ಡಬ್ಬಿ ತೋಯ್ದೇ ಬಿಟ್ಟರೆ, ನಮ್ಮ ಅಣ್ಣ ಮಾಡಿದ್ದು ಮಾಡಬೇಡಿ. ‘ನಡೀತದೇನು ನೋಡೂಣು’ ಅಂತ ಗುಂಡಿ ಒತ್ತಬೇಡಿ, ಚಾರ್ಜಿಗೆ ಹಚ್ಚಬೇಡಿ. ನೀರಿಗಿಂತ, ನೀರಿದ್ದಾಗ ಹರಿಯುವ ಕರೆಂಟೇ ಯಂತ್ರವನ್ನು ಹೆಚ್ಚು ಸುಡುತ್ತದೆ. ಚಾಲೂ ಇದ್ದರೆ ಬಂದ್ ಮಾಡಿ. ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿ. ಕಾರ್ಡ್ ಹೊರಗೆ ತೆಗೆಯಿರಿ. ಒರೆಸಿ, ಬಾಯಿ ಕೆಳಗೆ ಮಾಡಿ, ಗಾಳಿ ಆಡುವಲ್ಲಿ ಒಂದೆರಡು ದಿನ ಬಿಡಿ. ಒಲೆಯ ಮೇಲೆ, ಬಿಸಿ ಗಾಳಿಯ ಮುಂದೆ ಹಿಡಿಯಬೇಡಿ.

ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವ ಪದ್ಧತಿ ನಮ್ಮಲ್ಲೂ ಇದೆ. ಅದೂ ಬೇಡ. ಅಕ್ಕಿಯ ಸಣ್ಣ ಕಣ ಯಂತ್ರಕ್ಕೆ ಹಾನಿ ಮಾಡಬಹುದು ಎಂದು 2024ರಲ್ಲಿ ಆ್ಯಪಲ್ ಕಂಪನಿಯೇ ತನ್ನ ಫೋನುಗಳ ಬಗ್ಗೆ ಎಚ್ಚರಿಸಿದೆ.

ಎಲ್ಲಕ್ಕಿಂತ ಮುಖ್ಯ, ಡಬ್ಬಿ ಸತ್ತರೂ ಕಾರ್ಡ್ ಎಸೆಯಬೇಡಿ. ಮೆಮೊರಿ ಕಾರ್ಡಿನ ಚಿಪ್ಪು ಪ್ಲಾಸ್ಟಿಕ್ಕಿನಲ್ಲಿ ಗಟ್ಟಿಯಾಗಿ ಮುಚ್ಚಿರುತ್ತದೆ. ಕೆಸರು ತೊಳೆದು, ಪೂರ್ತಿ ಒಣಗಿಸಿ ಬೇರೆ ಯಂತ್ರಕ್ಕೆ ಹಾಕಿದರೆ ಎಷ್ಟೋ ಸಲ ಹಾಡು ಹಾಗೆಯೇ ಸಿಗುತ್ತದೆ. ಇದು ಆಗ ಗೊತ್ತಿದ್ದರೆ ನಾವು ತಿಪ್ಪೆ ಕೆದರಿಯಾದರೂ ಹುಡುಕುತ್ತಿದ್ದೆವು.

ಕಾರ್ಬನ್ ಕಾಪಿ ಇರಲಿ

ಲೆಕ್ಕ ಬರೆಯುವವರಿಗೆ ಒಂದು ನಿಯಮ ಗೊತ್ತಿರುತ್ತದೆ, ರಶೀದಿ ಹರಿದು ಕೊಡುವ ಮೊದಲು ಕೆಳಗೆ ಕಾರ್ಬನ್ ಕಾಪಿ ಇರಬೇಕು. ನಾವು ಡಬ್ಬಿಗೆ ಕವರು ಹುಡುಕಿದೆವು, ಹಾಡಿಗೆ ಕಾಪಿ ಮಾಡಲಿಲ್ಲ. ಕವರು ಯಂತ್ರವನ್ನು ಕಾಯುತ್ತದೆ, ದನಿಯನ್ನು ಕಾಯುವುದು ಇನ್ನೊಂದು ಪ್ರತಿ ಮಾತ್ರ. ಅಂಗಡಿಯಲ್ಲಿ ತುಂಬಿಸಿದ ಭಜನೆ ಹೋದರೆ ಮತ್ತೆ ತುಂಬಿಸಬಹುದು. ಮನೆಯ ಹಿರಿಯರ ದನಿ ಯಾವ ಪೇಠದಲ್ಲೂ ಸಿಗುವುದಿಲ್ಲ. ಅದರಲ್ಲೂ ನಮ್ಮ ಗಡಿಭಾಗದಲ್ಲಿ ಎಷ್ಟೋ ಮಕ್ಕಳ ಶಾಲೆ ಮರಾಠಿ, ಹೊರಗಿನ ಮಾತು ಮರಾಠಿ. ಅಂಥವರ ಪಾಲಿಗೆ ಆಯಿ, ಮುತ್ಯಾರ ಹಾಡು, ಕಥೆಯೇ ಮನೆಯ ಕನ್ನಡ ಶಾಲೆ.

2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಜಿಲ್ಲೆಯ ಹಳ್ಳಿಗಳಿಗೆ ಮತ್ತೆ ನೀರು ಬಂತು. ಮಳೆ ಕಡಿಮೆ ಎನ್ನುವ ನಮ್ಮ ಜಿಲ್ಲೆಗೂ ಮಹಾಪೂರ ಹೊಸದಲ್ಲ ಎಂದಾಯಿತು. ಆದ್ದರಿಂದ ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನ ಬಂಧುಗಳ ಹತ್ತಿರ ಇರಲಿ. ಒಂದೇ ಹೊಳೆಯ ದಂಡೆಗೆ ಎರಡೂ ಬೇಡ.

ನಮ್ಮ ಆಯಿಯ ಹಾಡೆಲ್ಲ ಹೋದವು ಎಂದು ಬಿಟ್ಟಿದ್ದೆವು. ಪುಣೆಯಲ್ಲಿರುವ ತಮ್ಮ ಒಂದು ದಿನ ಹಳೇ ಮೊಬೈಲ್ ತೆಗೆದು ನೋಡಿದಾಗ, ಮೊದಲೊಮ್ಮೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದ ನಾಲ್ಕು ಹಾಡು ಸಿಕ್ಕವು. ನಾಲ್ವತ್ತರಲ್ಲಿ ನಾಲ್ಕು. ಈಗ ಅವು ಐದು ಮನೆಯಲ್ಲಿವೆ. ಅವ್ವನ ಡಬ್ಬಿಯಲ್ಲೂ ಇವೆ. ಈ ಸಲದ ವಾರಿಗೆ ಆಕೆಗೆ ಕ್ಲಿಪ್ ಕವರು ಕೊಡುವುದೆಂದು ಗೊತ್ತುಮಾಡಿದೆ. ಬಾಯಿ ಒರೆಸಿ ಮುಚ್ಚುವುದನ್ನು ಹತ್ತು ಸಲ ಮಾಡಿಸಿದೆ.

ನಿಮ್ಮ ಮನೆಯಲ್ಲೂ ಹಾಡುವ ಹಿರಿಯರಿದ್ದರೆ ಇಂದೇ ಸಂಜೆ ಮೊಬೈಲ್ ಹತ್ತಿರ ಇಟ್ಟು ಒಂದು ಪದ ಹಾಡಿಸಿ. ಅಂದೇ ಇನ್ನಿಬ್ಬರಿಗೆ ಕಳಿಸಿ. ಕವರಿನ ಪರೀಕ್ಷೆ ನಾಳೆ ಮಾಡಿದರೂ ನಡೆದೀತು.