ಚೀಟಿಯಲ್ಲಿ ಸುಣ್ಣ ಸರಿಯಿದೆ, ಆದರೂ ಮೂಳೆ ನೋಯುತ್ತದೆ

ಸಾಗರ ಪೇಟೆಯಿಂದ ಹಂದಿಗೋಡು ದೂರವೇನಲ್ಲ. ಗದ್ದೆ, ಅಡಿಕೆ ತೋಟ, ಗುಡ್ಡದ ನಡುವಿನ ಈ ಸಣ್ಣ ಊರಿನ ಹೆಸರು ಇಂದು ವೈದ್ಯಕೀಯ ಗ್ರಂಥಗಳಲ್ಲೂ ಇದೆ. ಆದರೆ ಅದು ಊರಿನವರು ಹೆಮ್ಮೆಪಡುವ ಕಾರಣಕ್ಕಲ್ಲ. ತೊಡೆ ಸೊಂಟಕ್ಕೆ ಸೇರುವ ಕೀಲಿನಲ್ಲಿ ನೋವು ಶುರುವಾಗಿ, ನಡಿಗೆ ವಾಲಾಡಿ, ಕೊನೆಗೆ ಕೆಲವರು ಕೈ ಊರಿ ತೆವಳುವ ಸ್ಥಿತಿ ತಲುಪುವ ಕಾಯಿಲೆಯೊಂದು 1974-75ರ ಸುಮಾರಿಗೆ ಇಲ್ಲಿ ಹೊರಜಗತ್ತಿನ ಗಮನಕ್ಕೆ ಬಂತು. ಮುಂದೆ ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲೂ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥ ರೋಗಿಗಳು ಕಂಡರು. ಎಲ್ಲಿ ಕಂಡರೂ ಅದಕ್ಕೆ ಉಳಿದ ಹೆಸರು ‘ಹಂದಿಗೋಡು ಕಾಯಿಲೆ’ ಎಂದೇ.

ಮೂಳೆ ನೋವು ಎಂದೊಡನೆ ನಮ್ಮ ಬಾಯಿಗೆ ಬರುವ ಮೊದಲ ಮಾತು ‘ಕ್ಯಾಲ್ಸಿಯಂ ಕಡಿಮೆ ಇರಬೇಕು’ ಎಂಬುದು. ಮಗ ಮೊಣಕಾಲು ಹಿಡಿದುಕೊಂಡು ಕೂತರೆ ಅಪ್ಪ ಮಾತ್ರೆ ತರುತ್ತಾನೆ. ಅಮ್ಮ ಇನ್ನೊಂದು ಲೋಟ ಹಾಲು ಕೊಡುತ್ತಾಳೆ. ನೋವು ನಿಲ್ಲದಿದ್ದರೆ ಪ್ರಯೋಗಾಲಯಕ್ಕೆ ಹೋಗುತ್ತಾರೆ. ಅಲ್ಲಿಂದ ‘ಸಹಜ’ ಎಂಬ ಚೀಟಿ ಬಂದರೆ ಹುಡುಗ ಶಾಲೆ ತಪ್ಪಿಸಲು ನೆವ ಹೇಳುತ್ತಿದ್ದಾನೆ ಎಂಬ ಗುಮಾನಿ ಹುಟ್ಟುತ್ತದೆ. ಹಾಗಾದರೆ ಆ ಚೀಟಿ ನಿಜವಾಗಿ ಹೇಳುವುದೇನು?

ಡಬ್ಬಿ ಮತ್ತು ಕಣಜ

ವಯಸ್ಕರ ಮೈಯಲ್ಲಿ ಸುಮಾರು ಒಂದು ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ಚಿಟಿಕೆಯಷ್ಟು ಮಾತ್ರ. 100 ಮಿಲಿಲೀಟರ್ ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಸುಮಾರು 8.5ರಿಂದ 10.5 ಮಿಲಿಗ್ರಾಂ. ಈ ಚಿಟಿಕೆ ಏರುಪೇರಾದರೆ ಹೃದಯದ ಬಡಿತ, ನರಗಳ ಕೆಲಸ, ಸ್ನಾಯುಗಳ ಬಿಗಿತ ಎಲ್ಲವೂ ತಪ್ಪುತ್ತವೆ. ಆದ್ದರಿಂದ ದೇಹ ಅದನ್ನು ಬಹಳ ಜೋಪಾನವಾಗಿ ಕಾಯುತ್ತದೆ.

ಮನೆಯ ಉದಾಹರಣೆ ತೆಗೆದುಕೊಳ್ಳಿ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿ ಇದೆ, ಒಳಗೆ ಕಣಜವಿದೆ. ಡಬ್ಬಿ ತುಸು ತಗ್ಗಿದರೂ ಮನೆಯಾಕೆ ಕಣಜದಿಂದ ತಂದು ತುಂಬುತ್ತಾಳೆ. ರಕ್ತವೇ ಡಬ್ಬಿ, ಮೂಳೆಯೇ ಕಣಜ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಪುಟ್ಟ ಗ್ರಂಥಿಗಳೇ ಆ ಮನೆಯಾಕೆ. ಡಬ್ಬಿ ತುಂಬಿದೆ ಎಂದ ಮಾತ್ರಕ್ಕೆ ಕಣಜ ತುಂಬಿದೆ ಎಂದಾಗಲಿಲ್ಲ. ಕಣಜದ ಗೋಡೆ ನೆಟ್ಟಗಿದೆಯೇ, ವಾಲಿದೆಯೇ ಎಂಬುದಂತೂ ಡಬ್ಬಿಯನ್ನು ನೋಡಿ ತಿಳಿಯುವುದೇ ಇಲ್ಲ.

ನೇರಳೆ ಬಣ್ಣದ ಲೆಕ್ಕ

ಇಷ್ಟು ಕಡಿಮೆ ಸುಣ್ಣವನ್ನು ಅಳೆಯುವುದು ಹೇಗೆ? 1925ರಲ್ಲಿ ಕ್ಲಾರ್ಕ್ ಮತ್ತು ಕಾಲಿಪ್ ಹೇಳಿಕೊಟ್ಟ ವಿಧಾನ ಪಿಯುಸಿ ವಿದ್ಯಾರ್ಥಿಗಳಿಗೆ ಪರಿಚಿತವೆನಿಸೀತು. ಸೀರಮ್‌ಗೆ ಅಮೋನಿಯಂ ಆಕ್ಸಲೇಟ್ ಹಾಕಿದರೆ ಕ್ಯಾಲ್ಸಿಯಂ ಬಿಳಿ ಗಷ್ಟಾಗಿ ತಳಕ್ಕಿಳಿಯುತ್ತದೆ. ಅದನ್ನು ತೊಳೆದು, ಆಮ್ಲದಲ್ಲಿ ಕರಗಿಸಿ, ಬಿಸಿಯಿರುವಾಗಲೇ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ತೆಳು ಗುಲಾಬಿ ಬಣ್ಣ ಮಾಸದೆ ನಿಂತಾಗ ಲೆಕ್ಕ ಮುಗಿಯಿತು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗದಲ್ಲಿ ಆಕ್ಸಾಲಿಕ್ ಆಮ್ಲದೊಂದಿಗೆ ನೀವು ಮಾಡುವುದೂ ಇದನ್ನೇ.

ಈಗ ಕೆಲಸ ಸುಲಭವಾಗಿದೆ. ಆರ್ಥೋ-ಕ್ರೆಸಾಲ್ಫ್ಥಲೀನ್ ಕಾಂಪ್ಲೆಕ್ಸೋನ್ ಎಂಬ ಉದ್ದ ಹೆಸರಿನ ಬಣ್ಣಕಾರಕವೊಂದು ಕ್ಷಾರ ದ್ರಾವಣದಲ್ಲಿ ಕ್ಯಾಲ್ಸಿಯಂ ಸೇರಿದೊಡನೆ ನೇರಳೆ ಬಣ್ಣ ತಾಳುತ್ತದೆ. ಮೆಗ್ನೀಸಿಯಂ ಕೂಡ ಇದೇ ಆಟ ಹೂಡುವುದರಿಂದ ಅದನ್ನು ಕಟ್ಟಿಹಾಕಲು 8-ಹೈಡ್ರಾಕ್ಸಿಕ್ವಿನೊಲಿನ್ ಬೆರೆಸಿರುತ್ತಾರೆ. ಬಣ್ಣ ಗಾಢವಾದಷ್ಟೂ ಕ್ಯಾಲ್ಸಿಯಂ ಹೆಚ್ಚು. ಸುಮಾರು 570 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಹಾಯಿಸಿ, ದ್ರಾವಣ ಎಷ್ಟನ್ನು ಹೀರಿತು ಎಂದು ಯಂತ್ರ ಅಳೆಯುತ್ತದೆ. 10 ಮಿಲಿಗ್ರಾಂ ಪ್ರಮಾಣದ ಗೊತ್ತಿರುವ ದ್ರಾವಣ 0.40 ತೋರಿಸಿ, ರೋಗಿಯದು 0.36 ತೋರಿಸಿದರೆ, 0.36ನ್ನು 0.40ರಿಂದ ಭಾಗಿಸಿ 10ರಿಂದ ಗುಣಿಸಿ. ಉತ್ತರ 9.0 ಮಿಲಿಗ್ರಾಂ.

ಲೆಕ್ಕವೇನೋ ಸುಲಭ, ಆದರೆ ಎಡವುವ ಜಾಗಗಳು ಹಲವು. ರಕ್ತಕಣಗಳ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಕೊಳವೆಯಲ್ಲಿ ಇಡಿಟಿಎ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಹಿಡಿದಿಡುವುದು ಕ್ಯಾಲ್ಸಿಯಂ ಅನ್ನೇ. ಆ ಕೊಳವೆಯ ರಕ್ತದಲ್ಲಿ ಕ್ಯಾಲ್ಸಿಯಂ ನೋಡಿದರೆ ಇಲ್ಲದ ಕೊರತೆ ಕಾಣುತ್ತದೆ. ತೋಳಿಗೆ ಬಿಗಿದ ಪಟ್ಟಿಯನ್ನು ಬಹಳ ಹೊತ್ತು ಬಿಟ್ಟರೆ ಅಂಕಿ ಸುಳ್ಳಾಗಿ ಏರುತ್ತದೆ. ನಲ್ಲಿ ನೀರಿನಲ್ಲಿ ತೊಳೆದು ಹಾಗೆಯೇ ಒಣಗಿಸಿದ ಗಾಜಿನಲ್ಲಿ ನೀರಿನ ಸುಣ್ಣವೂ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ವಿಷಯ: ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಪೌಷ್ಟಿಕ ಆಹಾರವಿಲ್ಲದೆ ಸೊರಗಿದವರಲ್ಲಿ ಅಲ್ಬುಮಿನ್ ಕಡಿಮೆ, ಹಾಗಾಗಿ ಒಟ್ಟು ಕ್ಯಾಲ್ಸಿಯಂ ಕೂಡ ಕಡಿಮೆ ಕಾಣುತ್ತದೆ. ಕೆಲಸಕ್ಕೆ ಬರುವ ಬಿಡಿ ಕ್ಯಾಲ್ಸಿಯಂ ಮಾತ್ರ ಸರಿಯಾಗಿಯೇ ಇದ್ದೀತು. ಆದ್ದರಿಂದ ವೈದ್ಯರು ಎರಡನ್ನೂ ಜೊತೆಗಿಟ್ಟು ಓದುತ್ತಾರೆ.

ಒಂದು ಹಗಲು, ಒಂದು ರಾತ್ರಿ

ಮೂತ್ರದ ಪರೀಕ್ಷೆಯಲ್ಲಿ ಅರ್ಧ ಕೆಲಸ ಮನೆಯವರದೇ. ಬೆಳಿಗ್ಗೆ ಎದ್ದೊಡನೆ ಹೋಗುವ ಮೊದಲ ಮೂತ್ರವನ್ನು ಬಿಟ್ಟುಬಿಡಬೇಕು, ಗಂಟೆ ಬರೆದಿಡಬೇಕು. ಆಮೇಲಿನದೆಲ್ಲವನ್ನೂ, ಮಾರನೆಯ ಬೆಳಿಗ್ಗೆ ಅದೇ ಹೊತ್ತಿನದನ್ನೂ ಸೇರಿಸಿ, ಒಂದೇ ಕ್ಯಾನಿನಲ್ಲಿ ಸಂಗ್ರಹಿಸಬೇಕು. ಪ್ರಯೋಗಾಲಯದವರು ಕೊಡುವ ಕ್ಯಾನಿನ ತಳದಲ್ಲಿ ಕೆಲವೊಮ್ಮೆ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಸುಣ್ಣದ ಹರಳು ತಳಕಚ್ಚದಿರಲೆಂದು ಹಾಕಿದ್ದು ಅದು. ಗಲೀಜು ನೀರೆಂದು ಚೆಲ್ಲಬೇಡಿ, ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ, ನೇರವಾಗಿ ಅದಕ್ಕೇ ಮೂತ್ರ ಮಾಡಿಸಲೂಬೇಡಿ. ಬೇರೆ ಪಾತ್ರೆಯಲ್ಲಿ ಹಿಡಿದು ನಿಧಾನವಾಗಿ ಸುರಿಯಿರಿ.

ಒಟ್ಟು 1500 ಮಿಲಿಲೀಟರ್ ಬಂದು, 100 ಮಿಲಿಲೀಟರಿನಲ್ಲಿ 12 ಮಿಲಿಗ್ರಾಂ ಇದ್ದರೆ, ದಿನದ ಲೆಕ್ಕ 180 ಮಿಲಿಗ್ರಾಂ. ವಯಸ್ಕರಲ್ಲಿ ಸಾಮಾನ್ಯವಾಗಿ ಇದು 100ರಿಂದ 300ರೊಳಗಿರುತ್ತದೆ. ಮಕ್ಕಳಿಗೆ ತೂಕದ ಮೇಲೆ ಬೇರೆ ಲೆಕ್ಕವಿದೆ. ನಡುವೆ ಒಂದು ಸಲ ಮರೆತು ಬಚ್ಚಲಿಗೆ ಹೋಗಿ ಬಂದರೆ ಇಡೀ ಲೆಕ್ಕ ತಪ್ಪುತ್ತದೆ. ಮರೆತಿದ್ದರೆ ನಾಚಿಕೆಪಡದೆ ಹೇಳಿ, ಮರುದಿನ ಮತ್ತೆ ಶುರುಮಾಡುವುದೇ ಲೇಸು.

ರಕ್ತವು ಡಬ್ಬಿಯ ಮಟ್ಟ ಹೇಳಿದರೆ, ಮೂತ್ರವು ಹೊರಗೆ ಹೋಗುತ್ತಿರುವುದೆಷ್ಟು ಎಂದು ಹೇಳುತ್ತದೆ. ರಕ್ತದಲ್ಲಿ ಹೆಚ್ಚಾದರೆ ಪ್ಯಾರಾಥೈರಾಯ್ಡ್ ಅತಿಯಾಗಿ ದುಡಿಯುತ್ತಿರಬಹುದು. ತೀರ ಕಡಿಮೆಯಾದರೆ ಬೆರಳು ಜುಮುಗುಡುತ್ತವೆ, ಕೈ ಸೆಟೆದುಕೊಳ್ಳುತ್ತದೆ. ಮೂತ್ರದಲ್ಲಿ ಹೆಚ್ಚಾಗಿ ಹೋಗುತ್ತಿದ್ದರೆ ಮೂತ್ರಪಿಂಡದ ಕಲ್ಲಿಗೆ ದಾರಿ. ‘ಡಿ’ ಜೀವಸತ್ವದ ಕೊರತೆಯಿಂದ ಮಕ್ಕಳ ಕಾಲು ಬಾಗುವ ರಿಕೆಟ್ಸ್‌ನಲ್ಲಿ ಮಾತ್ರ ರಕ್ತದ ಕ್ಯಾಲ್ಸಿಯಂ ಎಷ್ಟೋ ಸಲ ಸಹಜವಾಗಿಯೇ ಕಾಣುತ್ತದೆ. ಗುಟ್ಟು ಬಿಡುವುದು ಜೊತೆಗೆ ಮಾಡುವ ರಂಜಕ ಮತ್ತು ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆಗಳು.

ಮತ್ತೆ ಹಂದಿಗೋಡಿಗೆ

ಹಂದಿಗೋಡಿನ ಕಾಯಿಲೆಗೂ ಹಲವು ಕಾರಣಗಳನ್ನು ಊಹಿಸಿದ್ದುಂಟು. ಹೊಸದಾಗಿ ಬಂದ ಕೀಟನಾಶಕ ಗದ್ದೆಗೆ ಸೇರಿ, ಅಲ್ಲಿನ ಏಡಿ, ಮೀನು ತಿಂದವರಿಗೆ ಹೀಗಾಯಿತು ಎಂಬ ಗುಮಾನಿ ಬಲವಾಗಿತ್ತು. ಬಾಧೆಗೊಳಗಾದವರು ಹೆಚ್ಚಾಗಿ ದಲಿತ ಸಮುದಾಯಗಳ ಬಡ ಕೃಷಿಕಾರ್ಮಿಕರು. ಗದ್ದೆಯ ಏಡಿ ಅವರ ಊಟದ ಭಾಗವೇ ಆಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಬಂದು ಅಧ್ಯಯನ ಮಾಡಿದರು. 1977ರಲ್ಲಿ ಪ್ರಕಟವಾದ ಅವರ ಲೇಖನ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗ ಎಂದು ಕರೆಯಿತು. ‘ಕೌಟುಂಬಿಕ’ ಎಂಬ ಆ ಒಂದು ಪದದಲ್ಲೇ ಮುಂದಿನ ದಾರಿಯ ಸುಳಿವಿತ್ತು.

1994ರಲ್ಲಿ ಪ್ರಕಟವಾದ ಕ್ಷ-ಕಿರಣ ಅಧ್ಯಯನ ಆ ದಾರಿಯಲ್ಲಿ ಬಹುದೂರ ನಡೆಯಿತು. ಮೂಳೆಯ ತುದಿಗಳೂ ಬೆನ್ನುಹುರಿಯ ಕಂಬವೂ ಬೆಳೆಯುವ ಕ್ರಮದಲ್ಲೇ ದೋಷವಿದೆ, ಅದು ತಂದೆ ಅಥವಾ ತಾಯಿಯಿಂದ ಪ್ರಬಲ ಗುಣವಾಗಿ ಬರುತ್ತದೆ ಎಂದು ಅದು ತೋರಿಸಿತು. ಮೆಂಡೆಲ್‌ನ ಬಟಾಣಿ ಗಿಡಗಳ ಪಾಠ ನೆನಪಿಸಿಕೊಳ್ಳಿ. ಹೆತ್ತವರಲ್ಲಿ ಒಬ್ಬರಿಗೆ ಇಂಥ ಪ್ರಬಲ ಗುಣವಿದ್ದರೆ ಹುಟ್ಟುವ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಾಧ್ಯತೆ ಎರಡಕ್ಕೆ ಒಂದು. ಇದರಲ್ಲಿ ಯಾರ ತಪ್ಪೂ ಇಲ್ಲ, ಇದು ಅಂಟುವ ರೋಗವೂ ಅಲ್ಲ.

ಮೂಳೆ ಬೆಳೆಯುವ ಅಚ್ಚಿನಲ್ಲೇ ದೋಷವಿರುವ ಇಂಥ ಹುಟ್ಟುಕಾಯಿಲೆಗಳಲ್ಲಿ ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಸುಣ್ಣಕ್ಕೆ ಬರವಿಲ್ಲ, ಕಟ್ಟಡದ ನಕ್ಷೆ ಬೇರೆಯಾಗಿದೆ. ಹಾಗೆಂದು ಪರೀಕ್ಷೆ ವ್ಯರ್ಥವಲ್ಲ. ಔಷಧಿಯಿಂದ ವಾಸಿಯಾಗುವ ರಿಕೆಟ್ಸ್‌ನಂಥ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಅದು ಬೇಕೇ ಬೇಕು. ಉಳಿದದ್ದನ್ನು ಕ್ಷ-ಕಿರಣ ಚಿತ್ರ ಮತ್ತು ಮನೆತನದ ವಂಶವೃಕ್ಷ ಹೇಳಬೇಕು. ನೋವು ಶಮನ, ವ್ಯಾಯಾಮ, ಊರುಗೋಲು, ಕೆಲವರಿಗೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಇವು ನೆರವಾದಾವು. ಬರಿಯ ಸುಣ್ಣದ ಮಾತ್ರೆ ಅಲ್ಲಿ ಏನೂ ಮಾಡಲಾರದು.

ಆದ್ದರಿಂದ ತಂದೆತಾಯಿಯರೇ, ಮಗುವಿನ ಮೂಳೆ ನೋವು ವಾರಗಟ್ಟಲೆ ಉಳಿದರೆ, ನಡಿಗೆ ಬದಲಾದರೆ, ಅಂಗಡಿಯಿಂದ ಮಾತ್ರೆ ತಂದು ಸುಮ್ಮನಾಗಬೇಡಿ. ಚೀಟಿಯಲ್ಲಿ ಅಂಕಿ ಸರಿಯಿದೆಯೆಂದು ಮಗುವನ್ನು ಗದರಲೂಬೇಡಿ. ಆ ಚೀಟಿಯನ್ನು ವೈದ್ಯರ ಮುಂದಿಟ್ಟು, ‘ಇದು ಸರಿಯಿದ್ದರೆ ಮುಂದೆ ಏನು ನೋಡಬೇಕು?’ ಎಂದು ಕೇಳಿ. ಮನೆತನದಲ್ಲಿ ಇಂಥ ನೋವು ಇನ್ನಾರಿಗಾದರೂ ಇದ್ದರೆ ಮುಚ್ಚಿಡದೆ ಹೇಳಿ. ಪ್ರಯೋಗಾಲಯದ ಕೆಲಸದತ್ತ ಒಲವಿರುವ ವಿದ್ಯಾರ್ಥಿಗಳಿಗೂ ಒಂದು ಮಾತು: ನಾಳೆ ನೀವು ಬರೆಯುವ ‘9.0’ ಕರಾರುವಾಕ್ಕಾಗಿರಲಿ. ಆದರೆ ಆ ಅಂಕಿಯ ಆಚೆ ಒಬ್ಬ ಮನುಷ್ಯ ಇನ್ನೂ ನೋಯುತ್ತಿರಬಹುದು ಎಂಬುದನ್ನು ಮಾತ್ರ ಮರೆಯಬೇಡಿ.