ಹತ್ತಿದವರು ಒಂಬತ್ತು, ಪಾಲಿಸಿಯಲ್ಲಿ ಇದ್ದವರು ಆರು

ಹೋದ ಸಲ ಭಾಲ್ಕಿಗೆ ಸೋದರಮಾವನ ಮನೆಗೆ ಹೋದಾಗ ಅಂಗಳ ಅರ್ಧ ಖಾಲಿ ಇತ್ತು. ಮಾವ ಸ್ಕ್ಯಾಫೋಲ್ಡಿಂಗ್ ಗುತ್ತೇದಾರ. ಪೈಪು, ಕಪ್‌ಲಾಕ್, ಹಲಗೆ ಯಾವಾಗಲೂ ರಾಶಿ ಬಿದ್ದಿರುತ್ತಿದ್ದವು. "ಎಲ್ಲಾ ಬಾಡಿಗೆಗೆ ಹೋಗ್ಯಾವೇನು ಮಾವ?" ಅಂತ ಕೇಳಿದೆ. "ಇಲ್ಲಪ್ಪ, ಮಾರೀನಿ" ಅಂದ್ರು.

ಬೀದರ್ ನಗರದಲ್ಲಿ ಒಂದು ಮೂರು ಮಹಡಿ ಕಟ್ಟಡಕ್ಕೆ ಹೊರಗಿನ ಪ್ಲಾಸ್ಟರ್ ನಡೀತಿತ್ತು. ಅಟ್ಟಣಿಗೆ ಕಟ್ಟಿದ್ದು ಮಾವನ ಜನ. ಔರಾದ್ ತಾಲ್ಲೂಕಿನ ಒಬ್ಬ ಹುಡುಗ ಮೇಲಿಂದ ಬಿದ್ದು ಸೊಂಟ ಮುರಕೊಂಡ. ವಯಸ್ಸು 19, ನನ್ನದೇ ವಯಸ್ಸು. ಜೀವ ಉಳೀತು, ಈಗ ಕೋಲು ಹಿಡಿದು ನಡೀತಾನೆ. ಆದರೆ ಇನ್ನು ಮೇಲೆ ಪೈಪ್ ಹತ್ತೋ ಹಾಗಿಲ್ಲ. ಮಾವನ ಹತ್ತಿರ ವಿಮೆ ಇತ್ತು, ಆರು ಜನರಿಗೆ. ಅವತ್ತು ಕೆಲಸದಲ್ಲಿ ಇದ್ದವರು ಒಂಬತ್ತು. ಬಿದ್ದವನು ಆ ಆರರಲ್ಲಿ ಒಬ್ಬನಾ ಅಂತ ವಿಮಾ ಕಂಪನಿ ಕೇಳಿತು. ತೋರಿಸೋಕೆ ಹಾಜರಿ ಪುಸ್ತಕವೇ ಇರಲಿಲ್ಲ, ಕ್ಯಾಲೆಂಡರ್ ಹಿಂದೆ ಹಾಕಿದ ಗೀಟುಗಳು ಮಾತ್ರ ಇದ್ದವು. ಕೊನೆಗೆ ಸ್ವಲ್ಪ ಕಂಪನಿ ಕೊಟ್ಟಿತು, ಉಳಿದದ್ದು ಪೈಪ್ ಮಾರಿ ಮಾವ ಕೊಟ್ರು.

ನಾವು ಸಿವಿಲ್‌ನವರು ಬೀಮ್ ಮೇಲೆ ಎಷ್ಟು ಲೋಡ್ ಬರುತ್ತೆ ಅಂತ ಲೆಕ್ಕ ಹಾಕೋದು ಕಲೀತೀವಿ. ಆ ಲೋಡ್ ಹೊತ್ತು ನಿಂತ ಮನುಷ್ಯ ಬಿದ್ದರೆ ಏನು ಲೆಕ್ಕ ಅಂತ ನನಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಸೆಂಟ್ರಿಂಗ್ ಬೇರೆ, ಸ್ಕ್ಯಾಫೋಲ್ಡಿಂಗ್ ಬೇರೆ

ಸೆಂಟ್ರಿಂಗ್ ಹಸಿ ಕಾಂಕ್ರೀಟನ್ನ ಹೊರುತ್ತೆ, ಸ್ಕ್ಯಾಫೋಲ್ಡಿಂಗ್ ಮನುಷ್ಯರನ್ನ ಹೊರುತ್ತೆ. ನಮ್ಮಲ್ಲಿ ಹಿರಿಯರು ಅಟ್ಟಣಿಗೆ ಅಂತಾರೆ, ಗಡಿಯಾಚೆ ಮರಾಠಿಯವರು ಪರಾಂಚಿ ಅಂತಾರೆ. ಕೆಲಸ ಮುಗಿದ ಮೇಲೆ ಬಿಚ್ಚಿಬಿಡೋದು ಅಂತ ಇದಕ್ಕೆ ಯಾರೂ ಡ್ರಾಯಿಂಗ್ ಮಾಡಲ್ಲ, ಆದರೆ ಎತ್ತರದ ಕೆಲಸವೆಲ್ಲ ನಡೆಯೋದು ಇದರ ಮೇಲೆಯೇ.

ಬಿದ್ದರೆ ಕೊಡಬೇಕಾದ್ದು ಯಾರು?

ಕೆಲಸದ ವೇಳೆ, ಕೆಲಸದ ಕಾರಣದಿಂದ ಅಪಘಾತವಾದರೆ ಕೆಲಸ ಕೊಟ್ಟವನೇ ಪರಿಹಾರ ಕೊಡಬೇಕು ಅಂತ 1923ರಷ್ಟು ಹಿಂದೆಯೇ ಕಾಯ್ದೆ ಬಂತು. ಅದೀಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಲೆಕ್ಕದ ಸೂತ್ರ ಮಾತ್ರ ಅದೇ. ಬಿಲ್ಡರ್ ತನ್ನ ಕೆಲಸವನ್ನ ಉಪಗುತ್ತೇದಾರನಿಗೆ ಕೊಟ್ಟಿದ್ದರೂ ಕಾರ್ಮಿಕ ನೇರವಾಗಿ ಬಿಲ್ಡರ್‌ನನ್ನೇ ಕೇಳಬಹುದು. ಬಿಲ್ಡರ್ ಆಮೇಲೆ ಅದನ್ನ ಉಪಗುತ್ತೇದಾರನಿಂದ ವಸೂಲಿ ಮಾಡ್ತಾನೆ. ಅಂದರೆ ಸುತ್ತಿ ಬಳಸಿ ಬಿಲ್ ಬಂದು ನಿಲ್ಲೋದು ಪೈಪ್ ಕಟ್ಟಿದ ಸಣ್ಣ ಗುತ್ತೇದಾರನ ಮನೆ ಬಾಗಿಲಿಗೆ.

"ಬೆಲ್ಟ್ ಕೊಟ್ಟಿದ್ದೆ, ಅವನೇ ಹಾಕ್ಕೊಳ್ಳಲಿಲ್ಲ" ಅನ್ನೋ ಮಾತನ್ನ ಎಲ್ಲಾ ಸೈಟಲ್ಲೂ ಕೇಳಿರ್ತೀವಿ. ಸಣ್ಣಪುಟ್ಟ ಗಾಯದಲ್ಲಿ ಆ ವಾದಕ್ಕೆ ಸ್ವಲ್ಪ ಜಾಗ ಇದೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದರೆ ಅದು ನಡೆಯೋದಿಲ್ಲ.

ಲೆಕ್ಕ ಹಾಕೋಣ

ಸೂತ್ರ ಸುಲಭ. ಸಾವಾದರೆ ತಿಂಗಳ ಸಂಬಳದ ಶೇ 50ನ್ನ ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ವಯಸ್ಸು ಕಡಿಮೆ ಇದ್ದಷ್ಟೂ ಗುಣಕ ದೊಡ್ಡದು, ಯಾಕಂದ್ರೆ ದುಡಿಯೋ ವರ್ಷ ಜಾಸ್ತಿ ಉಳಿದಿರುತ್ತೆ. 19 ವರ್ಷಕ್ಕೆ ಅದು 225.22, 30ಕ್ಕೆ 207.98, 40ಕ್ಕೆ 184.17. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯೋ ಮಿತಿ ತಿಂಗಳಿಗೆ 15,000 ರೂಪಾಯಿ, 2020ರ ಜನವರಿಯಲ್ಲಿ ನಿಗದಿಯಾದದ್ದು.

ದಿನಕ್ಕೆ 600 ರೂಪಾಯಿ, ತಿಂಗಳಿಗೆ 26 ದಿನ ಅಂತ ಇಟ್ಟುಕೊಳ್ಳಿ. 15,600 ಆಗುತ್ತೆ, ಹಿಡಿಯೋದು 15,000. ಅದರ ಅರ್ಧ 7,500. 30 ವರ್ಷದವನು ತೀರಿಕೊಂಡರೆ 15,59,850 ರೂಪಾಯಿ. 19ರವನಾದರೆ 16,89,150. ಬದುಕಿ ಪೂರ್ತಿ ದುಡಿಯೋಕೆ ಆಗದಂತಾದರೆ ಶೇ 50ರ ಬದಲು ಶೇ 60, ಅಂದರೆ 20,26,980. ಭಾಗಶಃ ಆದರೆ ದುಡಿಯೋ ಶಕ್ತಿ ಎಷ್ಟು ಹೋಯಿತೋ ಅದರಲ್ಲಿ ಅಷ್ಟು ಪಾಲು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ದರೆ ಮೇಲೆ ದಂಡ.

ಹತ್ತಿಪ್ಪತ್ತು ಜನ ಇಟ್ಟುಕೊಂಡ ಭಾಲ್ಕಿಯ ಗುತ್ತೇದಾರ ಇಷ್ಟು ದುಡ್ಡು ಎಲ್ಲಿಂದ ತರಬೇಕು? ಅಲ್ಲೇ ಶುರುವಾಗೋದು ಪಂಚಾಯ್ತಿ. ಹಿರಿಯರು ಕೂತು, ಒಂದೆರಡು ಲಕ್ಷ ಕೊಟ್ಟು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಂಡು ಮುಗಿಸೋದು. ಕಾನೂನಿನ ಕಣ್ಣಲ್ಲಿ ಅದು ಮುಗಿದಂತಲ್ಲ. ಸಾವಿನ ಪರಿಹಾರವನ್ನ ಅಧಿಕಾರಿಯ ಬಳಿ ಠೇವಣಿ ಇಡಬೇಕು, ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದಕ್ಕೆ ಬೆಲೆ ಇಲ್ಲ. ಆ ಮನೆಯವರಿಗೆ ಅನ್ಯಾಯ, ಗುತ್ತೇದಾರನಿಗೂ ಎರಡು ಸಲ ಕೊಡೋ ಭಯ.

ಯಾವ ಪಾಲಿಸಿ ಏನು ನೋಡ್ಕೊಳ್ಳುತ್ತೆ

ಮೊದಲನೆಯದು ನೌಕರರ ಪರಿಹಾರ ಪಾಲಿಸಿ. ಹಳಬರು ಇದನ್ನ ಇನ್ನೂ ವರ್ಕ್‌ಮೆನ್ ಪಾಲಿಸಿ ಅಂತಾರೆ. ಮೇಲಿನ ಲೆಕ್ಕವನ್ನ ಗುತ್ತೇದಾರನ ಪರವಾಗಿ ಹೊರೋದು ಇದು. ಎಷ್ಟು ಜನ, ಏನು ಕೆಲಸ, ವರ್ಷಕ್ಕೆ ಒಟ್ಟು ಎಷ್ಟು ಕೂಲಿ ಅನ್ನೋದರ ಮೇಲೆ ಪ್ರೀಮಿಯಂ. ಆಸ್ಪತ್ರೆ ಖರ್ಚನ್ನ ಸಾಮಾನ್ಯವಾಗಿ ಬೇರೆ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬೇಕು.

ಎರಡನೆಯದು ಹೊರಗಿನವರಿಗೆ ಆಗೋ ಹಾನಿಗೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಹತ್ತಿರ ಮೆಟ್ರೊ ಕಂಬದ ಕಬ್ಬಿಣದ ಹಂದರ ರಸ್ತೆಗೆ ಉರುಳಿ, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಕೊಂಡರು. ಅವರು ಆ ಸೈಟಿನ ಕೆಲಸಗಾರರಲ್ಲ, ದಾರಿಹೋಕರು. ಬೀದರಿನ ಇಕ್ಕಟ್ಟಾದ ಹಳೆ ಓಣಿಗಳಲ್ಲಿ ಒಂದು ಪೈಪ್ ಜಾರಿದರೂ ಬೀಳೋದು ರಸ್ತೆಗೇ. ಇದಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಬೇಕು, ಇಲ್ಲಾ ಬಿಲ್ಡರ್ ತಗೊಂಡಿರೋ ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯಲ್ಲಿ ಉಪಗುತ್ತೇದಾರನ ಹೆಸರೂ ಇರಬೇಕು. ಆಲ್ ರಿಸ್ಕ್ ಅಂತ ಹೆಸರು ಕೇಳಿ ಕೂಲಿಯವರಿಗೂ ಆಯ್ತು ಅನ್ಕೊಳ್ಳೋರು ಬಹಳ ಜನ. ಆಗಿರಲ್ಲ. ಅದು ಕಟ್ಟಡಕ್ಕೆ ಮತ್ತು ಹೊರಗಿನವರಿಗೆ, ತನ್ನ ನೌಕರರಿಗಲ್ಲ.

ಮೂರನೆಯದು ಸ್ವಂತ ಸಾಮಾನಿಗೆ, ಅಂದರೆ ಪೈಪು, ಹಲಗೆಗಳ ಕಳ್ಳತನ, ಬೆಂಕಿ. ದುಡ್ಡು ಕಡಿಮೆ ಇದ್ದರೆ ಇದನ್ನ ಕೊನೆಗೆ ಇಡಿ. ಪೈಪ್ ಹೋದರೆ ಮತ್ತೆ ತರಬಹುದು.

ಇದಲ್ಲದೆ ಕಾರ್ಮಿಕರೇ ಮಾಡಿಸ್ಕೊಳ್ಳಬಹುದಾದದ್ದು ಎರಡಿವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಇನ್ನೊಂದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ. ಇವೆರಡೂ ಇದ್ದರೆ ಒಳ್ಳೇದು, ಆದರೆ ಗುತ್ತೇದಾರನ ಜವಾಬ್ದಾರಿ ಇದರಿಂದ ತಪ್ಪೋದಿಲ್ಲ.

ಪಾಲಿಸಿ ಇದ್ದೂ ಕ್ಲೇಮ್ ನಿಲ್ಲೋದು ಯಾಕೆ

ಒಂದು, ತಲೆ ಲೆಕ್ಕ. ಪ್ರೀಮಿಯಂ ಉಳಿಸೋಕೆ ಜನ ಕಡಿಮೆ, ಕೂಲಿ ಕಡಿಮೆ ಬರೆಸೋದು. ಮಾವನ ಕತೆ ಇದೇ. ಸುಗ್ಗಿ ಮುಗಿದ ಮೇಲೆ ಔರಾದ್ ಕಡೆಯಿಂದ ಜನ ಜಾಸ್ತಿ ಬರ್ತಾರೆ, ಆಗ ಕಂಪನಿಗೆ ತಿಳಿಸಿ ಪಾಲಿಸಿಗೆ ಸೇರಿಸಬೇಕು.

ಎರಡು, ಜಾಗ. ಪಾಲಿಸಿಯಲ್ಲಿ ಕೆಲಸದ ಸ್ಥಳ ಬರೆದಿರುತ್ತೆ. ನಮ್ಮದು ಗಡಿ ಜಿಲ್ಲೆ. ಇವತ್ತು ಭಾಲ್ಕಿ, ನಾಳೆ ಉದಗೀರ, ನಾಡಿದ್ದು ಜಹೀರಾಬಾದ್. ಬೀದರ್ ಅಂತ ಮಾತ್ರ ಬರೆಸಿ ಮಹಾರಾಷ್ಟ್ರದಲ್ಲಿ ಅಟ್ಟಣಿಗೆ ಕಟ್ಟಿದರೆ ತಕರಾರು ಬರುತ್ತೆ.

ಮೂರು, ಎಚ್ಚರಿಕೆ. ಸಾಕಷ್ಟು ಮುನ್ನೆಚ್ಚರಿಕೆ ತಗೋಬೇಕು ಅನ್ನೋ ಷರತ್ತು ಪಾಲಿಸಿಯಲ್ಲೇ ಇರುತ್ತೆ. ಇಲ್ಲಿ ನಮ್ಮ ಓದು ಕೆಲಸಕ್ಕೆ ಬರುತ್ತೆ. ಬೀದರ್ ನಗರ ನಿಂತಿರೋದು ಗಟ್ಟಿ ಕೆಂಪು ಕಲ್ಲಿನ ಮೇಲೆ, ಕೋಟೆಯ ಕಂದಕ ಕೊರೆದದ್ದೂ ಅದೇ ಕಲ್ಲಲ್ಲಿ. ಭಾಲ್ಕಿ, ಔರಾದ್ ಕಡೆ ಬಹಳಷ್ಟು ಎರೆಮಣ್ಣು. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಬೀದರಲ್ಲಿ ಅಲ್ಲಾಡದೆ ನಿಂತ ಅದೇ ಪೈಪು ಔರಾದಲ್ಲಿ ಒಂದು ಮಳೆಗೆ ಒಂದು ಕಾಲು ಕುಸಿದು ವಾಲಬಹುದು. ಬೇಸ್ ಪ್ಲೇಟ್ ಕೆಳಗೆ ಅಗಲ ಹಲಗೆ ಇಟ್ಟರೆ ಭಾರ ಹರಡಿಕೊಳ್ಳುತ್ತೆ. ಮಳೆ ಬಂದ ಮರುದಿನ ಯಾರನ್ನೂ ಹತ್ತಿಸೋ ಮೊದಲು ನೋಡಬೇಕು. ಐಎಸ್ 3696 ಅನ್ನೋ ಭಾರತೀಯ ಮಾನಕ ಇರೋದೇ ಅಟ್ಟಣಿಗೆ ಮತ್ತು ಏಣಿಗಳ ಸುರಕ್ಷತೆಗೆ. ನೋಡಿದ್ದನ್ನ ಮೊಬೈಲಲ್ಲಿ ಫೋಟೊ ತೆಗೆದು ತಾರೀಖಿನ ಜೊತೆ ಇಟ್ಟುಕೊಂಡರೆ ಕ್ಲೇಮ್ ಹೊತ್ತಲ್ಲಿ ಅದೇ ಸಾಕ್ಷಿ.

ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಎಷ್ಟೋ ಜನ ಸೈಟ್ ಎಂಜಿನಿಯರ್ ಆಗ್ತೀವಿ. ಅಟ್ಟಣಿಗೆ ಕಟ್ಟೋಕೆ ಬಂದವನ ಹತ್ತಿರ ರೇಟ್ ಕೇಳೋ ಮೊದಲು ಪಾಲಿಸಿ ಕೇಳೋಣ, ಅದರಲ್ಲಿರೋ ಸಂಖ್ಯೆಯನ್ನ ಮೇಲೆ ನಿಂತ ತಲೆಗಳ ಜೊತೆ ಎಣಿಸಿ ನೋಡೋಣ. ಎರಡು ನಿಮಿಷದ ಕೆಲಸ.

ಮಾವ ಈಗ ಕೆಂಪು ರಟ್ಟಿನ ಹಾಜರಿ ಪುಸ್ತಕ ಇಟ್ಟಾರೆ. ಬೆಳಿಗ್ಗೆ ಸಹಿ ಆಗದೆ ಯಾರೂ ಹತ್ತೋ ಹಾಗಿಲ್ಲ. ಅದನ್ನ ಬರೆಯೋನು ಔರಾದಿನ ಅದೇ ಹುಡುಗ, ಕೋಲನ್ನ ಪಕ್ಕಕ್ಕೆ ಇಟ್ಕೊಂಡು ಕೆಳಗೆ ಕೂತಿರ್ತಾನೆ.